ಓದುಗರ ಪ್ರಶ್ನೋತ್ತರ: ಅಟ್ಟದಿಂದಿಳಿದ ಕಂಪ್ಯೂಟರಿಗೆ ಎಷ್ಟು ಓಟ?

ಈ ಬಾರಿ ಬಂದಿರುವ ಪತ್ರಗಳೆಲ್ಲವೂ ಕಾಸರಗೋಡು ಜಿಲ್ಲೆಯ ಕನ್ನಡ ಓದುಗರವು, ಮತ್ತು ಎಲ್ಲವೂ 1990ರ ದಶಕದ ಕಂಪ್ಯೂಟರುಗಳ ಕುರಿತಾದವು. ಅಡಿಕೆಯ ಗೋಣಿಗಳ ಪಕ್ಕದಲ್ಲಿ ವರ್ಷಗಟ್ಟಲೆ ಧೂಳು ತಿನ್ನುತ್ತಿದ್ದ ಪೆಟ್ಟಿಗೆಗಳನ್ನು ಕೆಳಗಿಳಿಸಿ, ಅವುಗಳಿಂದ ಎಷ್ಟು ವೇಗ ಹೊರಡಿಸಬಹುದು ಎಂದು ನೋಡುವ ಹವ್ಯಾಸ ನಮ್ಮ ಕಡೆಗೂ ಹಬ್ಬಿರುವುದನ್ನು ಕಂಡು, ಅದೇ ಚಟವಿರುವ ನನಗೆ ಸಂತೋಷವಾಗಿದೆ. ಪತ್ರಗಳನ್ನು ಅಗತ್ಯವಿದ್ದಷ್ಟು ಮೊಟಕುಗೊಳಿಸಿದ್ದೇನೆ.

ಪ್ರಶ್ನೆ: ನನ್ನ ಬಳಿ 200 ಮೆಗಾಹರ್ಟ್ಸ್‌ನ ಪೆಂಟಿಯಂ ಎಂಎಂಎಕ್ಸ್ ಪ್ರೊಸೆಸರ್ ಮತ್ತು ಇಂಟೆಲ್ 430ಟಿಎಕ್ಸ್ ಚಿಪ್‌ಸೆಟ್ಟಿನ ಮದರ್‌ಬೋರ್ಡ್ ಇರುವ ಯಂತ್ರವಿದೆ. 32 ಎಂಬಿ ರ‍್ಯಾಮ್ ಸಾಲದೆಂದು ಅದನ್ನು ತೆಗೆದು, ಮಂಗಳೂರಿನಲ್ಲಿ ಸಿಕ್ಕಿದ 64 ಎಂಬಿಯ ಎರಡು ಹಳೆಯ ಮೆಮೊರಿ ಪಟ್ಟಿಗಳನ್ನು, ಅಂದರೆ ಡಿಮ್‌ಗಳನ್ನು ಹಾಕಿದೆ. ಬಯಾಸ್ (ಯಂತ್ರ ಆರಂಭವಾಗುವಾಗ ಮೊದಲು ಓಡುವ ತಂತ್ರಾಂಶ) 128 ಎಂಬಿ ಎಂದು ಸರಿಯಾಗಿಯೇ ತೋರಿಸುತ್ತದೆ. ಆದರೆ ವಿಂಡೋಸ್ 98 ಮೊದಲಿಗಿಂತಲೂ ನಿಧಾನವಾಗಿದೆ. ರ‍್ಯಾಮ್ ಕೆಟ್ಟಿದೆಯೇ? (ಪೆರ್ಲದ ಓದುಗರು)

ಉತ್ತರ: ರ‍್ಯಾಮ್ ಕೆಟ್ಟಿಲ್ಲ, ನಿಮ್ಮ ಅನುಭವವೂ ಸುಳ್ಳಲ್ಲ. ಆ ಕಾಲದ ಬೋರ್ಡುಗಳಲ್ಲಿ ರ‍್ಯಾಮ್ ಹೆಚ್ಚಿಸಿದರೆ ವೇಗ ಇಳಿಯುವುದು ಸಾಧ್ಯವಿತ್ತು, ಮತ್ತು ಅದಕ್ಕೆ ಕಾರಣ ಬೋರ್ಡಿನ ಮೇಲಿರುವ ಎರಡನೆಯ ಹಂತದ ಕ್ಯಾಶ್.

ಜೆಂಬರದ ಮನೆಯಲ್ಲಿ ಸಾರು ಬೇಯುವುದು ಅಡುಗೆಕೊಟ್ಟಗೆಯ ಕಟಾರದಲ್ಲಿ. ಆದರೆ ಪಂಕ್ತಿಯಲ್ಲಿ ಬಡಿಸುವವನು ಪ್ರತಿ ಎಲೆಗೂ ಕಟಾರದ ಬಳಿಗೆ ಓಡುವುದಿಲ್ಲ, ಕೈಯಲ್ಲಿ ಬಾಲ್ದಿ ಹಿಡಿದಿರುತ್ತಾನೆ. ರ‍್ಯಾಮ್ ಎಂಬುದು ಕಟಾರ, ಕ್ಯಾಶ್ ಎಂಬುದು ಬಾಲ್ದಿ. ಬಾಲ್ದಿಯಲ್ಲಿರುವುದು ಯಾವ ಕಟಾರದ ಪದಾರ್ಥ ಎಂದು ತಿಳಿಯಲು ಒಂದು ಗುರುತಿನ ಚೀಟಿ ಬೇಕಾಗುತ್ತದೆ. ಬೋರ್ಡಿನ ಮೇಲೆ ಈ ಚೀಟಿಗಳನ್ನು ಇಡುವ ಚಿಪ್ಪಿಗೆ ಟ್ಯಾಗ್ ರ‍್ಯಾಮ್ ಎಂದು ಹೆಸರು. ಚೀಟಿಯಲ್ಲಿ ಬರೆಯಲು 8 ಬಿಟ್‌ಗಳ ಜಾಗ ಮಾತ್ರ ಇದ್ದರೆ 256 ಬಗೆಯ ಗುರುತುಗಳಷ್ಟೇ ಸಾಧ್ಯ. 256 ಕೆಬಿ ಕ್ಯಾಶ್ ಇರುವ ಬೋರ್ಡಿನಲ್ಲಿ 256ನ್ನು 256 ಕೆಬಿಯಿಂದ ಗುಣಿಸಿದರೆ ಸರಿಯಾಗಿ 64 ಎಂಬಿ ಬರುತ್ತದೆ. 430ಟಿಎಕ್ಸ್ ಚಿಪ್‌ಸೆಟ್ 256 ಎಂಬಿಯವರೆಗೆ ರ‍್ಯಾಮನ್ನು ಸ್ವೀಕರಿಸುತ್ತದೆ, ಆದರೆ ಕ್ಯಾಶ್ ಮಾಡುವುದು ಮೊದಲ 64 ಎಂಬಿಯನ್ನು ಮಾತ್ರ. ಬೋರ್ಡಿನಲ್ಲಿ 512 ಕೆಬಿ ಕ್ಯಾಶ್ ಇದ್ದರೂ ಈ ಮಿತಿ ಬದಲಾಗುವುದಿಲ್ಲ. ಅದಕ್ಕಿಂತ ಮೇಲಿನ ರ‍್ಯಾಮನ್ನು ಓದಬೇಕಾದಾಗಲೆಲ್ಲ ಬಡಿಸುವವನು ಬಾಲ್ದಿಯಿಲ್ಲದೆ ಸೌಟು ಹಿಡಿದು ಕೊಟ್ಟಗೆಗೆ ಓಡಬೇಕು.

ಇದಕ್ಕೆ ಸೇರಿದ ಇನ್ನೊಂದು ಸಂಗತಿಯೆಂದರೆ, ವಿಂಡೋಸ್ 95 ಮತ್ತು 98 ರ‍್ಯಾಮನ್ನು ಮೇಲಿನ ತುದಿಯಿಂದ ಕೆಳಕ್ಕೆ ಬಳಸುತ್ತಾ ಬರುತ್ತವೆ. ಹಾಗಾಗಿ 128 ಎಂಬಿ ಹಾಕಿದ ಯಂತ್ರದಲ್ಲಿ ದಿನವಿಡೀ ಕೆಲಸಕ್ಕೆ ಬರುವುದು ಕ್ಯಾಶ್ ಇಲ್ಲದ ಮೇಲಿನ ಅರ್ಧವೇ. ನಿಮ್ಮ ಯಂತ್ರದ ಕೆಳಗಿನ 64 ಎಂಬಿ ಸುಮ್ಮನೆ ಮಲಗಿದೆ ಎನ್ನಬಹುದು.

ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ, ಅಳೆದು ನೋಡಿ. ಪೆಟ್ಟಿಗೆ ಬಿಚ್ಚುವ ಅಗತ್ಯವೂ ಇಲ್ಲ: ವಿಂಡೋಸ್ 98ರ ರನ್ ಪೆಟ್ಟಿಗೆಯಲ್ಲಿ ಎಂಎಸ್‌ಕಾನ್ಫಿಗ್ ಎಂದು ಕೊಟ್ಟು, ಅದರ ಅಡ್ವಾನ್ಸ್‌ಡ್ ಗುಂಡಿಯನ್ನು ಒತ್ತಿದರೆ ಬಳಕೆಯ ಮೆಮೊರಿಗೆ ಮಿತಿ ಹಾಕುವ ಆಯ್ಕೆ ಸಿಗುತ್ತದೆ. ಅಲ್ಲಿ 64 ಎಂದು ಕೊಟ್ಟು ಯಂತ್ರವನ್ನು ಮತ್ತೆ ಆರಂಭಿಸಿ, ನೀವು ನಿತ್ಯ ತೆರೆಯುವ ಒಂದು ದೊಡ್ಡ ಕಡತ ಎಷ್ಟು ಸೆಕೆಂಡಿನಲ್ಲಿ ತೆರೆಯುತ್ತದೆ ಎಂದು ಮೂರು ಸಲ ನೋಡಿ ಬರೆದಿಡಿ. ಆಮೇಲೆ ಮಿತಿಯನ್ನು ತೆಗೆದು ಮತ್ತೆ ಮೂರು ಸಲ ನೋಡಿ. ಇಲ್ಲೊಂದು ಹೊಂಡವಿದೆ, ಬೀಳಬೇಡಿ. ಡಾಸ್‌ನಲ್ಲಿ ಓಡುವ ಪರೀಕ್ಷಾ ತಂತ್ರಾಂಶಗಳು ಸಾಮಾನ್ಯವಾಗಿ ಮೆಮೊರಿಯ ಕೆಳಗಿನ ಭಾಗದಲ್ಲೇ ನಡೆಯುವುದರಿಂದ 64 ಎಂಬಿಗೂ 128 ಎಂಬಿಗೂ ಒಂದೇ ಅಂಕ ತೋರಿಸಿ ಎಲ್ಲವೂ ಸರಿಯಿದೆ ಎನ್ನುತ್ತವೆ. ದೂರು ಬಂದದ್ದು ಯಾವ ಕೆಲಸದಲ್ಲೋ ಅಳತೆಯೂ ಆ ಕೆಲಸದಲ್ಲೇ ನಡೆಯಬೇಕು.

ಹಾಗೆಂದು 128 ಎಂಬಿ ಎಲ್ಲರಿಗೂ ದಂಡವಲ್ಲ. ದೊಡ್ಡ ಚಿತ್ರಗಳನ್ನು ತೆರೆದು 64 ಎಂಬಿ ಮೀರಿದಾಗ ವಿಂಡೋಸ್ ಹಾರ್ಡ್‌ಡಿಸ್ಕನ್ನು ಗೀರತೊಡಗುತ್ತದೆ; ಕ್ಯಾಶ್ ಇಲ್ಲದ ರ‍್ಯಾಮ್ ಎಷ್ಟೇ ನಿಧಾನವಾದರೂ ಡಿಸ್ಕಿಗಿಂತ ಎಷ್ಟೋ ಪಾಲು ವೇಗದ್ದು. ಬರೆಯುವುದು, ಹಳೆಯ ಆಟಗಳನ್ನು ಆಡುವುದು ಇಷ್ಟೇ ನಿಮ್ಮ ಉಪಯೋಗವಾದರೆ ಒಂದು ಡಿಮ್ಮನ್ನು ತೆಗೆದಿಡಿ. ಅದೇ ಕಾಲದ 430ಎಚ್‌ಎಕ್ಸ್ ಬೋರ್ಡುಗಳಲ್ಲಿ ಟ್ಯಾಗ್ ರ‍್ಯಾಮ್ ಹೆಚ್ಚಿಸಿದರೆ 512 ಎಂಬಿಯವರೆಗೆ ಕ್ಯಾಶ್ ಮಾಡಬಹುದಿತ್ತು. ಹೊಸದಾಗಿ ಬಂದ 430ಟಿಎಕ್ಸ್‌ಗೆ ಆ ಸೌಲಭ್ಯವನ್ನು ಕೊಡದೆ ಹೋದದ್ದು ಇಂಟೆಲ್ ಮಾಡಿದ ಜಿಪುಣತನ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ವಿಎಲ್‌ಬಿ (ವೆಸಾ ಲೋಕಲ್ ಬಸ್ ಎಂಬ ವೇಗದ ಸ್ಲಾಟಿನ) ಗ್ರಾಫಿಕ್ಸ್ ಕಾರ್ಡ್ ಇರುವ ನನ್ನ 486 ಬೋರ್ಡಿನಲ್ಲಿ ಇಂಟೆಲ್ ಡಿಎಕ್ಸ್2-66 ಇತ್ತು. ಅದನ್ನು ತೆಗೆದು ಎಎಂಡಿ 5ಎಕ್ಸ್86-133 ಹಾಕಿದೆ. ನಾರ್ಟನ್ ಸಿಸ್ಟಮ್ ಇನ್ಫರ್ಮೇಶನ್‌ನ ಅಂಕ ಎರಡು ಪಟ್ಟಾಯಿತು. ಆದರೆ ಡೂಮ್ ಆಟದ ಟೈಮ್‌ಡೆಮೊದಲ್ಲಿ (ದಾಖಲಾದ ಆಟವನ್ನು ಸಾಧ್ಯವಾದಷ್ಟು ವೇಗವಾಗಿ ಓಡಿಸಿ ನೋಡುವ ಪರೀಕ್ಷೆಯಲ್ಲಿ) ಮೊದಲು 2,480 ರಿಯಲ್‌ಟಿಕ್ಸ್ (ತಗುಲಿದ ಕಾಲದ ಎಣಿಕೆ, ಕಡಿಮೆಯಾದಷ್ಟೂ ವೇಗ ಹೆಚ್ಚು) ಬರುತ್ತಿದ್ದುದು ಈಗ 1,790 ಬರುತ್ತಿದೆ, ಎರಡು ಪಟ್ಟೇನೂ ಆಗಲಿಲ್ಲ. ಯಾವುದನ್ನು ನಂಬಲಿ? (ಮಂಜೇಶ್ವರದ ವಿದ್ಯಾರ್ಥಿ)

ಉತ್ತರ: ಡೂಮನ್ನು ನಂಬಿ. ಮೊದಲು ನಿಮ್ಮ ಅಂಕಗಳನ್ನು ಎಲ್ಲರಿಗೂ ಅರ್ಥವಾಗುವಂತೆ ಮಾಡೋಣ. ಡೂಮ್ ತನ್ನ ಕಾಲವನ್ನು ಸೆಕೆಂಡಿಗೆ 35 ಟಿಕ್‌ಗಳಂತೆ ಎಣಿಸುತ್ತದೆ. ಮೂರನೆಯ ಡೆಮೊದಲ್ಲಿ 2,134 ಗೇಮ್‌ಟಿಕ್‌ಗಳಿವೆ, ಅಂದರೆ ಪರೀಕ್ಷೆಯಲ್ಲಿ ಅಷ್ಟೇ ಚಿತ್ರಗಳು. 2,134ನ್ನು 35ರಿಂದ ಗುಣಿಸಿ ರಿಯಲ್‌ಟಿಕ್ಸ್‌ನಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಚಿತ್ರಗಳು ಎಂಬುದು ಸಿಗುತ್ತದೆ. ನಿಮ್ಮ ಯಂತ್ರ 30.1ರಿಂದ 41.7ಕ್ಕೆ ಏರಿದೆ, ಅಂದರೆ ಸುಮಾರು ಶೇಕಡಾ 38ರಷ್ಟು ಹೆಚ್ಚಳ.

ನಾರ್ಟನ್ ಪರೀಕ್ಷೆಯ ಅಂಕವೆಂದರೆ ಮೂಲ ಐಬಿಎಂ ಪಿಸಿಯನ್ನು 1 ಎಂದಿಟ್ಟುಕೊಂಡು ಮಾಡಿದ ಹೋಲಿಕೆ. ಆ ಪರೀಕ್ಷೆಯ ಸುತ್ತುಗಳು ಎಷ್ಟು ಚಿಕ್ಕವೆಂದರೆ ಪ್ರೊಸೆಸರಿನ ಒಳಗಿನ ಕ್ಯಾಶ್‌ನಲ್ಲೇ ಅವು ಹಿಡಿಸಿಬಿಡುತ್ತವೆ, ರ‍್ಯಾಮಿನ ಕಡೆಗೆ ತಲೆಯೆತ್ತಿಯೂ ನೋಡುವುದಿಲ್ಲ. ಆದ್ದರಿಂದ 66 ಹೋಗಿ 133 ಬಂದರೆ ಅಂಕವೂ ಇಮ್ಮಡಿಯಾಗುತ್ತದೆ. ಆದರೆ ಆ 133 ಎಂಬುದು ಬಂದದ್ದು ಹೇಗೆ? ಡಿಎಕ್ಸ್2 ಬೋರ್ಡಿನ 33 ಮೆಗಾಹರ್ಟ್ಸನ್ನು ಎರಡರಿಂದ ಗುಣಿಸುತ್ತದೆ, 5ಎಕ್ಸ್86 ನಾಲ್ಕರಿಂದ ಗುಣಿಸುತ್ತದೆ. ಬೋರ್ಡು ಮಾತ್ರ ಎರಡರಲ್ಲೂ 33ರಲ್ಲೇ ಇದೆ. ರ‍್ಯಾಮ್, ಬೋರ್ಡಿನ ಕ್ಯಾಶ್, ವಿಎಲ್‌ಬಿ ಕಾರ್ಡ್ ಯಾವುದಕ್ಕೂ ಹೊಸ ಪ್ರೊಸೆಸರ್ ಬಂದ ಸುದ್ದಿಯೇ ತಲುಪಿಲ್ಲ. ಡೂಮ್ ಪ್ರತಿ ಚಿತ್ರಕ್ಕೂ 320ಕ್ಕೆ 200ರ ಪರದೆಯ 64,000 ಬೈಟ್‌ಗಳನ್ನು ಗ್ರಾಫಿಕ್ಸ್ ಕಾರ್ಡಿಗೆ ತಳ್ಳಬೇಕು, ಗೋಡೆಗಳ ಚಿತ್ರಗಳನ್ನು ರ‍್ಯಾಮಿನಿಂದ ತರಬೇಕು. ಈ ದಾರಿ ಅಗಲವಾಗದೆ ಪ್ರೊಸೆಸರ್ ಎಷ್ಟು ಓಡಿದರೂ ಸಾಲಿನಲ್ಲಿ ನಿಲ್ಲಲೇಬೇಕು.

ಇನ್ನು ತಿದ್ದುಪಡಿಗೆ ಬರೋಣ. ಎಲ್ಲಕ್ಕಿಂತ ಮೊದಲು ವೋಲ್ಟೇಜ್ ಜಂಪರನ್ನು (ಬೋರ್ಡಿನ ಪಿನ್ನುಗಳನ್ನು ಜೋಡಿಸುವ ಪುಟ್ಟ ತೊಪ್ಪಿಯನ್ನು) ನೋಡಿ. ಡಿಎಕ್ಸ್2-66 ಸಾಮಾನ್ಯವಾಗಿ 5 ವೋಲ್ಟಿನದು, 5ಎಕ್ಸ್86 3.45 ವೋಲ್ಟಿನದು, ಹಳೆಯ ಜಾಗದಲ್ಲೇ ಜಂಪರ್ ಉಳಿದಿದ್ದರೆ ಆಡುವ ಆಟ ಹೆಚ್ಚು ದಿನ ನಡೆಯುವುದಿಲ್ಲ. ಎರಡನೆಯದಾಗಿ, 5ಎಕ್ಸ್86ರ ಒಳಗೆ 16 ಕೆಬಿ ಕ್ಯಾಶ್ ಇದ್ದು ಅದು ರೈಟ್-ಬ್ಯಾಕ್ ಕ್ರಮದಲ್ಲಿ ನಡೆಯಬಲ್ಲದು, ಅಂದರೆ ಪ್ರತಿಯೊಂದು ಬರಹವನ್ನೂ ಕೂಡಲೇ ರ‍್ಯಾಮಿಗೆ ಒಯ್ಯದೆ ತನ್ನಲ್ಲೇ ಇಟ್ಟುಕೊಂಡು ಆಮೇಲೆ ಒಟ್ಟಿಗೆ ಸಾಗಿಸಬಲ್ಲದು. ಬೋರ್ಡಿನ ಜಂಪರ್ ರೈಟ್-ಥ್ರೂನಲ್ಲೇ ಇದ್ದರೆ ಆ ಲಾಭ ಸಿಗುವುದಿಲ್ಲ. ಬೋರ್ಡು ರೈಟ್-ಬ್ಯಾಕನ್ನು ಬೆಂಬಲಿಸುತ್ತದೆಯೇ ಎಂಬುದು ಅದರ ಕೈಪಿಡಿಯಿಂದ ಅಥವಾ ಬೋರ್ಡಿನ ಮೇಲೆಯೇ ಅಚ್ಚಾಗಿರುವ ಪಟ್ಟಿಯಿಂದ ತಿಳಿಯುತ್ತದೆ. ಬೆಂಬಲವಿಲ್ಲದ ಬೋರ್ಡಿನಲ್ಲಿ ಒತ್ತಾಯ ಮಾಡಿದರೆ ಫ್ಲಾಪಿಯಿಂದ ಓದಿದ ಕಡತಗಳು ಕೆಟ್ಟು ಬರುವುದುಂಟು. ಆ ಬಳಿಕ ಬಯಾಸ್‌ಗೆ ಹೋಗಿ ಕ್ಯಾಶ್ ಓದುವ ಕ್ರಮವನ್ನು (ಸಾಲಾಗಿ ನಾಲ್ಕು ಓದುಗಳಿಗೆ ಹಿಡಿಯುವ ಗಡಿಯಾರದ ಮಿಡಿತಗಳನ್ನು) 3-2-2-2ರಿಂದ 2-1-1-1ಕ್ಕೆ, ರ‍್ಯಾಮಿನ ವೇಟ್ ಸ್ಟೇಟನ್ನು (ಪ್ರೊಸೆಸರ್ ಸುಮ್ಮನೆ ಕಾಯುವ ಮಿಡಿತಗಳನ್ನು) 1ರಿಂದ 0ಗೆ ಇಳಿಸಿ ನೋಡಬಹುದು.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿ ಯಂತ್ರ ಸ್ತಬ್ಧವಾದರೆ ಕಳ್ಳ ಯಾರೆಂದು ಹುಡುಕಲು ಒಂದು ಭಾನುವಾರ ಸಾಲದು. ಆಟದ ಶಬ್ದವನ್ನು ಬಂದ್ ಮಾಡಿ, ಪರದೆಯ ಅಳತೆಯನ್ನು ಒಂದೇ ರೀತಿ ಇಟ್ಟು, ಮೂರು ಸಲ ಓಡಿಸಿ ನಡುವಿನ ಅಂಕವನ್ನು ಪುಸ್ತಕದಲ್ಲಿ ಬರೆಯಿರಿ. ಕೊನೆಗೆ ಧೈರ್ಯವಿದ್ದರೆ ಬೋರ್ಡನ್ನು 33ರಿಂದ 40ಕ್ಕೆ ಏರಿಸಿ. ಪ್ರೊಸೆಸರ್ 160ಕ್ಕೆ ಹೋಗುತ್ತದೆ, ಹೆಚ್ಚಿನ 5ಎಕ್ಸ್86ಗಳು ಇದನ್ನು ತಡೆಯುತ್ತವೆ. ಇಲ್ಲಿ ಪ್ರೊಸೆಸರಿನ 27 ಮೆಗಾಹರ್ಟ್ಸಿಗಿಂತ ಬೋರ್ಡಿನ 7 ಮೆಗಾಹರ್ಟ್ಸೇ ಹೆಚ್ಚು ಬೆಲೆಬಾಳುವುದು. ವಿಎಲ್‌ಬಿ ಕಾರ್ಡು 33ಕ್ಕಿಂತ ಮೇಲೆ ತಕರಾರು ಮಾಡಿದರೆ ಅದಕ್ಕೆಂದೇ ಬೋರ್ಡಿನಲ್ಲಿ ಒಂದು ವೇಟ್ ಸ್ಟೇಟ್ ಜಂಪರ್ ಇರುತ್ತದೆ, ಅದನ್ನು ಹಾಕಿ.

ಪ್ರಶ್ನೆ: ಡಿಟಿಪಿ ಕೆಲಸಕ್ಕೆ ಬಳಸುತ್ತಿದ್ದ ಹಳೆಯ ಯಂತ್ರವೊಂದರಲ್ಲಿ ಸ್ಲಾಟ್ ಮಾದರಿಯ ಸೆಲೆರಾನ್ 300ಎ ಮತ್ತು 440ಬಿಎಕ್ಸ್ ಬೋರ್ಡ್ ಇವೆ. ಒಂದು ಪಿನ್ನಿಗೆ ಟೇಪ್ ಅಂಟಿಸಿದರೆ 450 ಆಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಇದು ನಿಜವೇ, ಅಪಾಯವೇ? (ಕಾಸರಗೋಡು ಪೇಟೆಯ ಓದುಗರು)

ಉತ್ತರ: ನಿಜ. 1998ರ ಆಗಸ್ಟ್‌ನಲ್ಲಿ ಬಂದ ಈ ಸೆಲೆರಾನ್ ತನ್ನ ಗುಣಕವನ್ನು 4.5ಕ್ಕೆ ಬೀಗ ಹಾಕಿಕೊಂಡಿದೆ. 66 ಮೆಗಾಹರ್ಟ್ಸ್‌ನ ಬಸ್ಸಿನಲ್ಲಿ (ಪ್ರೊಸೆಸರನ್ನು ಬೋರ್ಡಿಗೆ ಜೋಡಿಸುವ ದಾರಿಯಲ್ಲಿ) 300, 100ರ ಬಸ್ಸಿನಲ್ಲಿ 450. ಕಾರ್ಟ್ರಿಜ್ಜಿನ ಅಂಚಿನಲ್ಲಿರುವ ಬಿ21 ಎಂಬ ಸಂಪರ್ಕಬಿಂದುವೇ ಬೋರ್ಡಿಗೆ ನನ್ನದು 66ರ ಬಸ್ಸು ಎಂದು ಹೇಳುವುದು. ಅದನ್ನು ಮುಚ್ಚಿದರೆ ಬೋರ್ಡು 100 ಎಂದು ತಿಳಿಯುತ್ತದೆ. ನಿಮ್ಮ ಬಯಾಸ್‌ನಲ್ಲಿ ಅಥವಾ ಜಂಪರಿನಲ್ಲಿ 100ನ್ನು ನೇರವಾಗಿ ಆರಿಸಲು ಬಂದರೆ ಟೇಪಿನ ಗೊಡವೆಯೇ ಬೇಡ. ಟೇಪೇ ಬೇಕೆಂದಾದರೆ ಅಕ್ಕಿಕಾಳಿನಷ್ಟು ಅಗಲಕ್ಕೆ ಕತ್ತರಿಸಿ, ಪಕ್ಕದ ಬಿಂದುವಿನ ಮೇಲೆ ಏರದಂತೆ ಅಂಟಿಸಬೇಕು. ಕಾರ್ಟ್ರಿಜ್ಜನ್ನು ಸ್ಲಾಟಿಗೆ ತಳ್ಳುವಾಗ ಅದು ಮಡಚಿಕೊಳ್ಳುವುದರಿಂದ, ಉಗುರಿಗೆ ಹಚ್ಚುವ ಬಣ್ಣದ ತೆಳುವಾದ ಒಂದು ಲೇಪ ಟೇಪಿಗಿಂತ ಮೇಲು ಎಂಬುದು ನನ್ನ ಅನುಭವ.

ಹಿಂದಿನ ಪತ್ರದ 486ಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿ: ಇಲ್ಲಿ ಬಸ್ಸೇ ಶೇಕಡಾ 50 ಏರುವುದರಿಂದ ರ‍್ಯಾಮಿನ ವೇಗವೂ ಜೊತೆಗೆ ಏರುತ್ತದೆ. ಇದರ 128 ಕೆಬಿ ಕ್ಯಾಶ್ ಪ್ರೊಸೆಸರಿನ ಅದೇ ತುಂಡಿನಲ್ಲಿದ್ದು ಪೂರ್ಣ ವೇಗದಲ್ಲಿ ನಡೆಯುತ್ತದೆ. ಪೆಂಟಿಯಂ 2ರ 512 ಕೆಬಿ ಕ್ಯಾಶ್ ನಡೆಯುತ್ತಿದ್ದುದು ಅರ್ಧ ವೇಗದಲ್ಲಿ. ಅಗ್ಗದ ಸೆಲೆರಾನ್ ದುಬಾರಿ ಪೆಂಟಿಯಂ 2-450ರ ಹೆಗಲಿಗೆ ಹೆಗಲು ಕೊಟ್ಟದ್ದು ಹೀಗೆ.

ಅಪಾಯವಿರುವುದು 100ರಲ್ಲಿ ಅಲ್ಲ, ನಡುವಿನ ಮೆಟ್ಟಿಲುಗಳಲ್ಲಿ. 66ರಲ್ಲಿ ಪಿಸಿಐ ಬಸ್ಸು (ಕಾರ್ಡುಗಳೂ ಡಿಸ್ಕೂ ಬಳಸುವ ದಾರಿ) ಅದರ ಅರ್ಧವಾದ 33ರಲ್ಲಿರುತ್ತದೆ. 100ರಲ್ಲಿ ಮೂರರಿಂದ ಭಾಗಿಸಿ ಮತ್ತೆ 33ಕ್ಕೇ ಬರುತ್ತದೆ. ಸ್ವಲ್ಪ ಮಾತ್ರ ಏರಿಸೋಣ ಎಂದು ಎಚ್ಚರದಿಂದ 83ನ್ನು ಆರಿಸಿದವರ ಪಿಸಿಐ 41ರ ಮೇಲೆ ಹೋಗಿ, ಹಾರ್ಡ್‌ಡಿಸ್ಕಿನ ಕಡತಗಳು ಸದ್ದಿಲ್ಲದೆ ಹಾಳಾಗಬಹುದು. ರ‍್ಯಾಮಿನ ಮೇಲೆ ಪಿಸಿ100 ಎಂಬ ಚೀಟಿ ಇದೆಯೇ ನೋಡಿ, 66ರದ್ದಾದರೆ ಬದಲಿಸಿ. ಮೊದಲು ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86ನ್ನು ಇಡೀ ರಾತ್ರಿ ಓಡಿಸಿ, ಮರುದಿನ ಪ್ರೊಸೆಸರನ್ನು ದುಡಿಸುವ ಪ್ರೈಮ್95ರ ಕಠಿಣ ಪರೀಕ್ಷೆಗೆ ಕೆಲವು ಗಂಟೆ ಬಿಡಿ. ಒಂದೇ ಒಂದು ತಪ್ಪು ಬಂದರೂ ಅದು ತಪ್ಪೇ, ಪುನಃ ನೋಡೋಣ ಎನ್ನಬೇಡಿ. ಮತ್ತೊಂದು ಮಾತು: ಆಟಿ ತಿಂಗಳ ಮಳೆಯ ತಂಪಿನಲ್ಲಿ ಗಟ್ಟಿಯಾಗಿ ನಿಂತ 450 ವಿಷುವಿನ ಹೊತ್ತಿನ ಸೆಕೆಯಲ್ಲಿ ನಿಲ್ಲದೆ ಹೋಗಬಹುದು. ನಾನು ಕೊನೆಯ ಪರೀಕ್ಷೆಯನ್ನು ಏಪ್ರಿಲ್‌ನ ಮಧ್ಯಾಹ್ನ ಎರಡು ಗಂಟೆಗೇ ಇಟ್ಟುಕೊಳ್ಳುತ್ತೇನೆ. ಗಿರಾಕಿಯ ಮದುವೆ ಕಾಗದ ಇರುವ ಯಂತ್ರವಾದರೆ ಮಾತ್ರ 300ರಲ್ಲೇ ಬಿಡಿ.

ಪ್ರಶ್ನೆ: ನನ್ನ ಸೈರಿಕ್ಸ್ 6ಎಕ್ಸ್86 ಪ್ರೊಸೆಸರಿನ ಮೇಲೆ ಪಿಆರ್200+ ಎಂದಿದೆ, ಪರೀಕ್ಷಿಸಿದರೆ 150 ಮೆಗಾಹರ್ಟ್ಸ್ ತೋರಿಸುತ್ತದೆ. ಮಾರಿದವರು ಮೋಸ ಮಾಡಿದರೇ? (ಬದಿಯಡ್ಕದ ಓದುಗರು)

ಉತ್ತರ: ಇಲ್ಲ. 75 ಮೆಗಾಹರ್ಟ್ಸ್ ಬಸ್ಸಿನ ಎರಡು ಪಟ್ಟು, 150, ಅದರ ನಿಜವಾದ ವೇಗ. 200 ಎಂಬುದು ಕಚೇರಿ ತಂತ್ರಾಂಶಗಳ ಪರೀಕ್ಷೆಯಲ್ಲಿ 200ರ ಪೆಂಟಿಯಮ್ಮಿಗೆ ಸಮ ಎಂಬ ಹೋಲಿಕೆಯ ಅಂಕಿ. ಅದು ಪೂರ್ಣಾಂಕಗಳ ಲೆಕ್ಕಕ್ಕೆ ಸರಿ. ದಶಮಾಂಶದ ಲೆಕ್ಕದಲ್ಲಿ ಈ ಪ್ರೊಸೆಸರ್ ಹಿಂದೆ ಬೀಳುವುದರಿಂದ ಕ್ವೇಕ್ ಆಟದಲ್ಲಿ ಅದರ ಮಾನ ಹೋಗುತ್ತದೆ. ಜಂಪರನ್ನು 200ಕ್ಕೆ ಇಟ್ಟು ಸರಿಪಡಿಸಲು ಹೋಗಬೇಡಿ, ಮೊದಲೇ ಅದು ಬಹಳ ಬಿಸಿಯಾಗುವ ಜಾತಿ.

ಪ್ರಶ್ನೆ: ಎಎಂಡಿ ಕೆ6-2 450ರಲ್ಲಿ ವಿಂಡೋಸ್ 95 ಪ್ರೊಟೆಕ್ಷನ್ ಎರರ್ ಎಂದು ನಿಲ್ಲುತ್ತದೆ. ಅದೇ ರೀತಿ, ನಾನು ಹಿಂದೆ ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಅಂಕಪಟ್ಟಿಯ ಪ್ರೋಗ್ರಾಮ್ ಹೊಸ ಯಂತ್ರಗಳಲ್ಲಿ ರನ್‌ಟೈಮ್ ಎರರ್ 200 ಕೊಡುತ್ತದೆ. (ಮುಳ್ಳೇರಿಯದ ನಿವೃತ್ತ ಅಧ್ಯಾಪಕರು)

ಉತ್ತರ: ಮಾನ್ಯರೇ, ಎರಡಕ್ಕೂ ಕಾರಣ ಒಂದೇ, ಯಂತ್ರ ಅತಿಯಾಗಿ ಓಡುತ್ತಿದೆ. ಎರಡೂ ಕಡೆ ತಂತ್ರಾಂಶ ಆರಂಭದಲ್ಲಿ ಒಂದು ಖಾಲಿ ಸುತ್ತನ್ನು ಓಡಿಸಿ ಯಂತ್ರದ ವೇಗವನ್ನು ಅಂದಾಜು ಮಾಡಿಕೊಳ್ಳುತ್ತದೆ. ಕೆ6-2 ಆ ಸುತ್ತನ್ನು ಎಷ್ಟು ಬೇಗ ಮುಗಿಸುತ್ತದೆಂದರೆ 350 ಮತ್ತು ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಕಳೆದ ಕಾಲ ಸೊನ್ನೆ ಎಂದಾಗಿ, ಸೊನ್ನೆಯಿಂದ ಭಾಗಿಸುವ ಪ್ರಸಂಗ ಬರುತ್ತದೆ. ಗುಣಕವನ್ನು ಇಳಿಸಿ 300ರಲ್ಲಿ ವಿಂಡೋಸ್ ಸ್ಥಾಪಿಸಿ, ಇದಕ್ಕೆಂದೇ ಬಂದಿದ್ದ ತಿದ್ದುಪಡಿಯನ್ನು ಹಾಕಿ, ಮತ್ತೆ 450ಕ್ಕೆ ಏರಿಸಿ. ಪ್ಯಾಸ್ಕಲ್‌ನ ಸಿಆರ್‌ಟಿ ಎಂಬ ಘಟಕದಲ್ಲಿ ಭಾಗಲಬ್ಧವೇ 16 ಬಿಟ್ಟಿನಲ್ಲಿ ಹಿಡಿಸದಷ್ಟು ದೊಡ್ಡದಾಗುತ್ತದೆ. ತಿದ್ದಿದ ಸಿಆರ್‌ಟಿ ಘಟಕದೊಂದಿಗೆ ಪ್ರೋಗ್ರಾಮನ್ನು ಮತ್ತೊಮ್ಮೆ ಕಂಪೈಲ್ ಮಾಡಿದರೆ ಸಾಕು. ಮೂಲ ಕಡತ ಕಳೆದುಹೋಗಿದ್ದರೆ ಬಯಾಸ್‌ನಲ್ಲಿ ಕ್ಯಾಶನ್ನು ಬಂದ್ ಮಾಡಿ ಓಡಿಸಿ ನೋಡಿ. ಯಂತ್ರ ಆಮೆಯಾಗುತ್ತದೆ, ಅಂಕಪಟ್ಟಿ ಹೊರಗೆ ಬರುತ್ತದೆ.

ಪ್ರಶ್ನೆ: ಬೇಸಗೆಯಲ್ಲಿ ಸರಿಯಾಗಿ ನಡೆಯುತ್ತಿದ್ದ 386 ಬೋರ್ಡ್ ಮಳೆ ಹಿಡಿದ ಮೇಲೆ ಕೀಬೋರ್ಡನ್ನು ಗುರುತಿಸುವುದಿಲ್ಲ. ಪರೀಕ್ಷೆಯ ಅಂಕಗಳೂ ದಿನಕ್ಕೊಂದು ಬರುತ್ತಿದ್ದವು. (ಕುಂಬಳೆಯ ಓದುಗರು)

ಉತ್ತರ: ವೇಗದ ಲೆಕ್ಕವನ್ನು ಬದಿಗಿಟ್ಟು ಇಂದೇ ಪೆಟ್ಟಿಗೆಯನ್ನು ಬಿಚ್ಚಿ. ಕೀಬೋರ್ಡಿನ ದುಂಡಗಿನ ಸಾಕೆಟ್ಟಿನ ಪಕ್ಕದಲ್ಲಿ ಕಿರುಬೆರಳಿನಷ್ಟು ಗಾತ್ರದ, ಪ್ಲಾಸ್ಟಿಕ್ ಹೊದಿಸಿದ ನೀಲಿ ಅಥವಾ ಹಸಿರು ಬ್ಯಾಟರಿ ಇದ್ದರೆ ಅದು 3.6 ವೋಲ್ಟಿನ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಅದು ಸೋರಿ, ಬೋರ್ಡಿನ ಗೆರೆಗಳ ಮೇಲೆ ಹಸಿರು ಹಿಟ್ಟಿನಂತಹ ಪದರ ಕಟ್ಟಿರುತ್ತದೆ. ಮಳೆಗಾಲದ ತೇವ ಆ ಪದರವನ್ನು ಒದ್ದೆ ಮಾಡಿದಾಗ ಇಲ್ಲದ ಕಡೆ ಸಂಪರ್ಕ ಹುಟ್ಟುತ್ತದೆ, ಇರುವ ಕಡೆ ತಾಮ್ರ ಕರಗುತ್ತದೆ. ಕಡಲಿನ ಗಾಳಿ ಬೀಸುವ ನಿಮ್ಮ ಊರಿನಲ್ಲಿ ಇದು ಇನ್ನೂ ಬೇಗ.

ನನ್ನದೇ ಒಂದು ಬೋರ್ಡನ್ನು ನಾನು ಹೀಗೆಯೇ ಕಳೆದುಕೊಂಡೆ. ಬೆಳಗ್ಗೆ ಒಂದು, ಸಂಜೆ ಒಂದು ಅಂಕ ಬಂದಾಗ ಎರಡು ವಾರ ರ‍್ಯಾಮನ್ನು ದೂರಿದೆನೇ ಹೊರತು ಬ್ಯಾಟರಿಯ ಅಡಿಗೆ ಕಣ್ಣು ಹಾಯಿಸಲಿಲ್ಲ. ಕೊನೆಗೆ ಅದನ್ನು ಎತ್ತಿದಾಗ ನಾಲ್ಕು ಗೆರೆಗಳು ಅದರ ಜೊತೆಗೇ ಎದ್ದುಬಂದವು.

ಬ್ಯಾಟರಿಯನ್ನು ಕತ್ತರಿಸಿ ತೆಗೆಯಿರಿ. ಸೋರಿದ್ದು ಕ್ಷಾರವಾದ್ದರಿಂದ ವಿನೆಗರ್ ಅಥವಾ ಲಿಂಬೆರಸದಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ, ನೊರೆ ನಿಂತ ಮೇಲೆ ಡಿಸ್ಟಿಲ್ಡ್ ನೀರಿನಲ್ಲಿ ಚೆನ್ನಾಗಿ ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ ಎರಡು ದಿನ ಒಣಗಿಸಬೇಕು. ಆಮೇಲೆ ಮಲ್ಟಿಮೀಟರಿನಿಂದ ಕೀಬೋರ್ಡ್ ಸಾಕೆಟ್ಟಿನ ಒಂದೊಂದು ಗೆರೆಯನ್ನೂ ತುದಿಯಿಂದ ತುದಿಗೆ ಪರೀಕ್ಷಿಸಿ. ತುಂಡಾದಲ್ಲಿ ತೆಳುವಾದ ತಂತಿಯನ್ನು ಬೆಸುಗೆ ಹಾಕಿ. ಹೊಸ ಬ್ಯಾಟರಿಯನ್ನು ಬೋರ್ಡಿನ ಮೇಲೆ ಕೂರಿಸದೆ, ಹೊರಗಿನ ಬ್ಯಾಟರಿಗೆಂದೇ ಇರುವ ಪಿನ್ನುಗಳಿಂದ ವಯರ್ ಎಳೆದು ದೂರದಲ್ಲಿಡಿ. ಆ ಪಿನ್ನುಗಳಿಲ್ಲದೆ ಹಳೆಯ ಜಾಗಕ್ಕೇ ನಾಣ್ಯದಂತಹ ಸಿಆರ್2032 ಜೋಡಿಸುವುದಾದರೆ, ಬೋರ್ಡು ಅದನ್ನು ಚಾರ್ಜ್ ಮಾಡಲು ಹೋಗದಂತೆ ನಡುವೆ ಒಂದು ಡಯೋಡ್ ಇರಲೇಬೇಕು.

ಇಷ್ಟಾದ ಮೇಲೆ ಮೊದಲ ಸಲ ವಿದ್ಯುತ್ ಕೊಡುವಾಗ ಪವರ್ ಸಪ್ಲೈಯ ಪಿ8, ಪಿ9 ಪ್ಲಗ್ಗುಗಳ ಕಪ್ಪು ವಯರುಗಳು ನಡುವಿನಲ್ಲಿ ಒಂದರ ಪಕ್ಕ ಒಂದು ಬರುವಂತೆ ಸಿಕ್ಕಿಸಿದ್ದೀರಾ ಎಂದು ಎರಡೆರಡು ಸಲ ನೋಡಿ. ಅದು ಅದಲುಬದಲಾದರೆ ತೊಳೆದ ಶ್ರಮವೆಲ್ಲ ಒಂದು ಕ್ಷಣದಲ್ಲಿ ಹೊಗೆಯಾಗುತ್ತದೆ.